ನೀರಿಲ್ಲದೆ ನುಂಗಿದ ಮಾತ್ರೆ

ನಾನು ಅಜ್ಜನಾಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಕಷ್ಟದ ಮಾತೆಲ್ಲ ಬರೆದು ಮುಗಿಸುವ ತನಕ ಇದನ್ನು ಹೊಟ್ಟೆಯೊಳಗೆ ಹಿಡಿದಿಟ್ಟುಕೊಳ್ಳಲು ನನ್ನಿಂದಾಗದು. ಮಗಳು ಮಮತಾಳಿಗೆ ಹೆಣ್ಣು ಮಗು. ತಲೆ ತುಂಬ ಕೂದಲು. ಮೂಗು ಮಾತ್ರ ಅಳಿಯನದ್ದು, ಅದಕ್ಕೆ ಏನು ಮಾಡುವುದು, ಉಳಿದದ್ದೆಲ್ಲ ನಮ್ಮ ಕಡೆಯದು. ಕುವೈತಿನ ಫಹಾಹೀಲಿನಲ್ಲಿ ಮಗಳು ಅಳಿಯನ ಜೊತೆ ನಾನಿರುವ ಕಟ್ಟಡದ ಬಾಗಿಲುಗಳನ್ನೆಲ್ಲ ಬಡಿದು ನಾನೇ ಮೈಸೂರುಪಾಕು ಹಂಚಿ ಬಂದೆ. ಎದುರು ಮನೆಯ ಮಲಯಾಳಿಗಳಿಗೆ ಖುಷಿಯಲ್ಲಿ ಮರೆತು ಎರಡು ಸಲ ಕೊಟ್ಟೆ. ಅವರೂ ಸುಮ್ಮನೆ ತೆಗೆದುಕೊಂಡರು.

ನನ್ನ ಹೆಸರು ದೇಜಪ್ಪ. ಪಡುಬಿದ್ರಿ ಹತ್ತಿರದವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲಿನ ಲೋಟ ತೊಳೆಯಲು ಹೋದವ, ಆಮೇಲೆ ಕುವೈತಿಗೆ ಬಂದು ಕಂಪನಿ ಕೆಲಸಗಾರರ ಮೆಸ್ಸಿನಲ್ಲಿ ಅಡುಗೆ ಮಾಡುತ್ತ ಕೂದಲು ಬೆಳ್ಳಗಾದವ. ಬರೆಯುವುದು ನನ್ನ ಕಸುಬಲ್ಲ. ಆದರೂ ಕೂತಿದ್ದೇನೆ. ಡಯಾಲಿಸಿಸ್ ಕೋಣೆಯ ಹೊರಗಿನ ಆ ನೀಲಿ ಕುರ್ಚಿಯಲ್ಲಿ, ಇದು ಪ್ರಪಂಚದಲ್ಲಿ ನನಗೊಬ್ಬನಿಗೇ ಬಂದದ್ದು ಎಂದುಕೊಂಡು ನಡುಗುತ್ತಿದ್ದೆ. ಆಗ ನಮ್ಮ ಭಾಷೆಯಲ್ಲಿ ಒಬ್ಬರಾದರೂ "ನನಗೂ ಹೀಗೇ ಆಗಿತ್ತು ಮಾರಾಯ, ಹೆದರಬೇಡ" ಎಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ಒಬ್ಬ ನಾನಾಗಲಿ ಎಂದು ಬರೆಯುತ್ತಿದ್ದೇನೆ. ಒತ್ತಕ್ಷರಗಳನ್ನು ಅಳಿಯ ರಾಜೇಶ ಸರಿ ಮಾಡಿದ್ದಾನೆ. ಮಾತು ನನ್ನದೇ.

ಮಮತಾಳಿಗೆ ಇದಕ್ಕೂ ಮೊದಲು ಎರಡು ಬಸಿರು ನಿಂತು, ಎರಡೂ ಉಳಿಯಲಿಲ್ಲ. ಎರಡನೆಯದು ಹೋದ ಮೇಲೆ ಅವಳು ಅಳಲೂ ಇಲ್ಲ. ಎದ್ದು ಎಗೈಲಾದ ಮಾಲಿನಲ್ಲಿ ತನ್ನ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿ ನಿಂತಳು. ಅಲ್ಲಿ ಅವಳ ವಿಭಾಗ ಮಕ್ಕಳ ಬಟ್ಟೆಯದ್ದು. ಸಣ್ಣ ಸಣ್ಣ ಅಂಗಿಗಳನ್ನು ಮಡಚಿ ಇಡುವುದೇ ಕೆಲಸ.

ಮೂರನೆಯ ಸಲ ಎಂದು ಗೊತ್ತಾದ ದಿನ ನಾನು ಗಣಪತಿಗೆ ಹರಕೆ ಹೊತ್ತೆ. ಹೆರಿಗೆಯಾಗುವ ತನಕ ಪ್ರತಿ ತಿಂಗಳ ಸಂಕಷ್ಟಿಗೆ ಉಪವಾಸ. ನಮ್ಮಲ್ಲಿ ಸಂಕಷ್ಟಿ ಮಾಡುವವರು ಹೆಚ್ಚಿನವರು ಹಗಲು ಹಣ್ಣು, ಹಾಲು, ನೀರು ತೆಗೆದುಕೊಂಡು, ರಾತ್ರಿ ಚಂದ್ರನನ್ನು ನೋಡಿ ಊಟ ಮಾಡುತ್ತಾರೆ. ನನಗೆ ಅದು ಸಾಕೆನಿಸಲಿಲ್ಲ. ಎರಡು ಸಲ ಕೈ ಬಿಟ್ಟ ದೇವರು, ಈ ಸಲ ಗಟ್ಟಿ ಹಿಡಿಯಬೇಕು ಎಂದುಕೊಂಡು, ಚಂದ್ರನನ್ನು ಕಣ್ಣಾರೆ ಕಾಣುವ ತನಕ ನೀರಿನ ಹನಿಯೂ ಮುಟ್ಟುವುದಿಲ್ಲ ಎಂದೆ. ಮನೆಯಲ್ಲಿ ಹೇಳಲಿಲ್ಲ. ಅವರು ನಾನು ಎಲ್ಲರ ಹಾಗೆ ಉಪವಾಸ ಮಾಡುತ್ತೇನೆ ಎಂದು ತಿಳಿದಿದ್ದರು.

ಒಂದು ತೊಡಕಿತ್ತು. ನನಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿವೆ. ಬೆಳಿಗ್ಗೆ ಸಕ್ಕರೆಗೊಂದು, ರಕ್ತದೊತ್ತಡಕ್ಕೊಂದು ಮಾತ್ರೆ. ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ. ನೀರು ಕುಡಿದರೆ ಹರಕೆ ಮುರಿಯುತ್ತದೆ. ಹಾಗಾಗಿ ನಾನೇ ಉಪಾಯ ಹುಡುಕಿದೆ: ಮಾತ್ರೆಯನ್ನು ನಾಲಿಗೆಯ ಹಿಂದೆ ಇಟ್ಟು, ಕತ್ತು ಮೇಲೆತ್ತಿ, ಎಂಜಲಲ್ಲೇ ನುಂಗಿದೆ. ಡಾಕ್ಟರ ಮಾತೂ ಉಳಿಯಿತು, ದೇವರ ಮಾತೂ ಉಳಿಯಿತು ಎಂದು ನನಗೆ ಎಷ್ಟು ಜಂಬ! ಚಳಿಗಾಲದ ಸಂಕಷ್ಟಿಗಳು ಹಾಗೆಯೇ ಸುಖವಾಗಿ ಕಳೆದವು. ಕುವೈತಿನ ಚಳಿಯಲ್ಲಿ ಬಾಯಾರಿಕೆ ಎಲ್ಲಿಂದ ಬರಬೇಕು.

ಇನ್ನು ಸೈಕಲಿನ ವಿಷಯ. ಮೆಸ್ಸಿಗೂ ಕೋಣೆಗೂ ಓಡಾಡಲು ಕೊಂಡ ಸೈಕಲು ಅದು, ನನ್ನ ಮಗಳಷ್ಟೇ ಹಳೆಯದು. ಪ್ರತಿ ವರ್ಷ ಚಳಿ ಮುಗಿಯುವ ಮೊದಲು ಒಂದು ಶುಕ್ರವಾರ ನಾನು ಒಬ್ಬನೇ ಫಹಾಹೀಲಿನಿಂದ ವಫ್ರಾದ ತೋಟಗಳ ತನಕ ಮರುಭೂಮಿಯ ದಾರಿಯಲ್ಲಿ ಸೈಕಲು ಹೊಡೆದು, ಸಂಜೆಗೆ ಮರಳುತ್ತೇನೆ. ಅಡುಗೆಮನೆಯಲ್ಲಿ ವರ್ಷವಿಡೀ "ಯಲ್ಲಾ, ಯಲ್ಲಾ", ಬೇಗ ಬೇಗ, ಎಂದು ಯಾರಾದರೂ ಬೆನ್ನ ಹಿಂದೆ ಕೂಗುತ್ತಿರುತ್ತಾರೆ. ಆ ಒಂದು ದಿನ ಗಾಳಿ ಬಿಟ್ಟರೆ ಕಿವಿಗೆ ಬೇರೆ ಸದ್ದಿಲ್ಲ. ವಯಸ್ಸಾಯಿತು, ಬಿಡಿ ಎಂದು ಎಲ್ಲರೂ ಹೇಳುತ್ತಿದ್ದರು. ಸಕ್ಕರೆಗೆ ಒಳ್ಳೆಯದು ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಆ ಗುರುವಾರ ಸಂಜೆ ಮಮತಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸೋಫಾದಲ್ಲಿ ಕೂತಿದ್ದಳು. "ಅಪ್ಪ, ಬಸಳೆ ತಿನ್ಬೇಕು ಅಂತ ಆಗ್ತಾ ಉಂಟು. ಅಂಗಡಿಯ ಬಾಡಿದ್ದಲ್ಲ. ಅಮ್ಮ ಮಾಡುವ ಹಾಗೆ, ದಂಟು ಹಾಕಿ."

ಬಸುರಿ ಬಾಯಿ ಬಿಟ್ಟು ಕೇಳಿದ ಮೇಲೆ ತಡ ಮಾಡಲಿಕ್ಕುಂಟಾ? ವಫ್ರಾದ ಒಂದು ತೋಟದಲ್ಲಿ ನಮ್ಮ ಕುಂದಾಪುರದ ಶೀನ ಕೆಲಸಕ್ಕಿದ್ದಾನೆ. ಟೊಮೆಟೊ, ಸೌತೆಯ ನಡುವೆ ಧಣಿಯ ಕಣ್ಣು ತಪ್ಪಿಸಿ ಬಸಳೆಯ ಒಂದು ಚಪ್ಪರ ಎಬ್ಬಿಸಿದ್ದಾನೆ. ಮರುದಿನ ಶುಕ್ರವಾರ, ಚಳಿ ಮುಗಿದಿದ್ದರೂ ಈ ವರ್ಷದ ಸವಾರಿ ಇನ್ನೂ ಆಗಿರಲಿಲ್ಲ. ಸಂಕಷ್ಟಿಯೂ ಅದೇ ದಿನ. ದೇವರೇ ಕೂಡಿಸಿಕೊಟ್ಟ ಹಾಗೆ ಕಂಡಿತು.

"ಮಾವ, ನಾಳೆ ಧೂಳು ಉಂಟಂತೆ, ಮೊಬೈಲಲ್ಲಿ ತೋರಿಸ್ತಾ ಉಂಟು," ಎಂದ ರಾಜೇಶ. "ನನಗೆ ನಾಳೆ ಡ್ಯೂಟಿ. ಮುಂದಿನ ಶುಕ್ರವಾರ ಕಾರಲ್ಲೇ ಹೋಗುವ."

"ಮುಂದಿನ ವಾರಕ್ಕೆ ಅವಳು ಬೇರೆ ಎಂತಾದ್ರೂ ಕೇಳ್ತಾಳೆ. ಆಗ ನೀನು ಕಾರು ತೆಗಿ," ಎಂದೆ.

ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೊರಟೆ. ಎರಡು ಮಾತ್ರೆ, ಎಂಜಲಲ್ಲಿ. ಮನೆಯವರ ಕಣ್ಣಿಗೆ ಕಾಣಲಿ ಎಂದು ನೀರಿನ ದೊಡ್ಡ ಬಾಟಲಿಯನ್ನೂ ತುಂಬಿ ಸೈಕಲಿಗೆ ಕಟ್ಟಿಕೊಂಡೆ.

ಹೋಗುವಾಗಿನ ಸುಖ ಏನು ಹೇಳಲಿ! ಬೆನ್ನಿಗೆ ಗಾಳಿ, ತಣ್ಣಗಿನ ದಾರಿ, ದೂರದಲ್ಲಿ ಎಣ್ಣೆ ಘಟಕದ ಬೆಂಕಿ. ಕರೆಂಟಿನ ಕಂಬಗಳು ಸಾಲಾಗಿ ದೂರಕ್ಕೆ ಹೋಗಿ ಸಣ್ಣದಾಗುತ್ತಿದ್ದವು. ಚಳಿಗಾಲದ ಡೇರೆಗಳನ್ನು ಕಿತ್ತ ಜಾಗದಲ್ಲಿ ಕಲ್ಲಿನ ಒಲೆ, ಹರಿದ ಚಾಪೆ, ಬಿಟ್ಟುಹೋದ ಚಪ್ಪಲಿ. ಒಂದು ಒಂಟೆ ರಸ್ತೆಯ ಪಕ್ಕ ನಿಂತು ನನ್ನನ್ನು ನೋಡಿದ ರೀತಿ ನಮ್ಮ ಮೆಸ್ಸಿನ ಹಳೆಯ ಮುದೀರನದ್ದೇ, ಅಂದರೆ ಮ್ಯಾನೇಜರನದ್ದೇ. ಅವನೂ ನಾನು ಒಳಗೆ ಬರುವುದನ್ನೇ ಕಾದು ಹೀಗೆ ಮೂಗು ಹಿಗ್ಗಿಸಿ ನೋಡುತ್ತಿದ್ದ. ಒಬ್ಬನೇ ನಕ್ಕೆ. ಪುಳ್ಳಿ, ಅಂದರೆ ಮೊಮ್ಮಗು, ಹುಟ್ಟಿದರೆ ಸೈಕಲಿನ ಮುಂದೊಂದು ಬುಟ್ಟಿ ಕಟ್ಟಿ ಅದರಲ್ಲಿ ಕೂರಿಸಿ ಒಂಟೆ ತೋರಿಸಬೇಕು ಎಂದುಕೊಂಡೆ.

ಶೀನ ನನ್ನನ್ನು ನೋಡಿ ಪೈಪು ಕೈಬಿಟ್ಟ. "ಹ್ವಾಯ್, ಸೈಕಲಂಗೇ ಬಂದ್ರಿಯಾ ಮಾರ್ರೆ? ಈ ವಯಸ್ಸಂಗೆ? ಮಂಡೆ ಸಮ ಇತ್ತಾ ನಿಮ್ಗೆ?" ಎಂದ. ದಪ್ಪ ದಂಟಿನ ಬಸಳೆ ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಟ್ಟ. ಮಜ್ಜಿಗೆ ತಂದ. ಬೇಡ, ಸಂಕಷ್ಟಿ ಎಂದೆ. "ಮಜ್ಜಿಗಿಗ್ ಎಂತ ಸಂಕಷ್ಟಿ?" ಎಂದು ಬೈದ. ಗಾಳಿ ಜೋರಾಗುತ್ತಿದೆ, ಸ್ವಲ್ಪ ಹೊತ್ತು ಮಲಗಿ ಹೋಗಿ ಎಂದ. ಬಸಳೆ ಬಾಡುತ್ತದೆ ಎಂದು ಹೊರಟೆ.

ಮರಳುವ ದಾರಿಯಲ್ಲಿ ಅದೇ ಗಾಳಿ ಎದುರಾಯಿತು. ಮೊದಲು ಬಿಸಿ ಬಂತು, ಒಲೆಯ ಬಾಯಿ ತೆರೆದ ಹಾಗೆ. ಆಮೇಲೆ ಧೂಳು. ಆಕಾಶ ಹಳದಿಯಾಗಿ, ಕೆಂಪಾಗಿ, ಸೂರ್ಯ ಒಂದು ಬಿಳಿ ಮಾತ್ರೆಯಷ್ಟಾದ. ಕಂಬಗಳಲ್ಲಿ ಹತ್ತಿರದ ಒಂದೇ ಕಾಣುತ್ತಿತ್ತು. ಲಾರಿಗಳು ಪಕ್ಕದಲ್ಲಿ ಹಾದುಹೋದಾಗ ಗಾಳಿ ನನ್ನನ್ನು ಮೊದಲು ಹೊರಕ್ಕೆ ತಳ್ಳಿ ಆಮೇಲೆ ಒಳಕ್ಕೆ ಎಳೆಯುತ್ತಿತ್ತು. ಪೆಡಲು ತುಳಿದರೂ ಸೈಕಲು ಇದ್ದಲ್ಲೇ ಇದೆಯೋ ಅನಿಸಿತು. ಇಳಿದು ತಳ್ಳಿದೆ. ತೊಡೆಯ ಸ್ನಾಯು ಗಂಟು ಕಟ್ಟಿತು. ಉಗುಳೋಣ ಎಂದರೆ ಬಾಯಲ್ಲಿ ಏನೂ ಇಲ್ಲ, ಮಣ್ಣು ಮಾತ್ರ. ಬೆವರು ಯಾವಾಗಲೋ ನಿಂತುಹೋಗಿತ್ತು. ಅದು ಒಳ್ಳೆಯ ಲಕ್ಷಣ, ಮೈ ಒಗ್ಗಿಕೊಂಡಿತು ಎಂದು ತಿಳಿದೆ. ಎಂಥ ದಡ್ಡ ನೋಡಿ.

ಬಾಟಲಿಯ ನೀರು ಪ್ರತಿ ಹೆಜ್ಜೆಗೂ ಬುಳುಕ್ ಬುಳುಕ್ ಎನ್ನುತ್ತಿತ್ತು.

ಎದುರಿನಿಂದ ವಫ್ರಾದ ಕಡೆ ಹೋಗುತ್ತಿದ್ದ ಹಾಫ್ ಲಾರಿಯೊಂದು, ಸಣ್ಣ ಟ್ರಕ್ಕು, ನಿಂತಿತು. ತರಕಾರಿ ಸಾಗಿಸುವ ಪಠಾಣ, ಗಡ್ಡದವ. ಕಿಟಕಿಯಿಂದ ಬಾಟಲಿ ಚಾಚಿದ. "ಚಾಚಾ, ಪಾನಿ ಪಿಯೋ!"

"ನಹೀ ಭಾಯಿ, ಉಪವಾಸ್."

"ರೋಜಾ? ತುಮ್ ಹಿಂದೂ ಹೈ ನಾ? ಕೈಸಾ ರೋಜಾ?"

"ಚಾಂದ್ ದೇಖ್‌ಕೇ ಪಿಯೇಗಾ."

ಅವನು ಮೇಲೆ ನೋಡಿದ. ಅಲ್ಲಿ ಸೂರ್ಯನೇ ಇರಲಿಲ್ಲ. "ಆಜ್ ಕಹಾಂ ಚಾಂದ್, ಚಾಚಾ? ಗಾಡಿ ಮೇ ಬೈಠೋ."

ಅವನು ಹೋಗುವುದು ವಫ್ರಾಕ್ಕೆ, ನಾನು ಮನೆಗೆ. ಹತ್ತಲಿಲ್ಲ. ಅವನು ತಲೆ ಕೊಡವಿ ಹೋದ. ಇಂದು ಚಂದ್ರ ಕಾಣದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆ ನನಗೆ ಹುಟ್ಟಿದ್ದೇ ಆಗ. ಪಂಚಾಂಗದ ಹೊತ್ತು ನೋಡಿ ಊಟ ಮಾಡಬಹುದು, ಮೋಡದ ದಿನ ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ನಾನು ಆಡಿದ ಮಾತು ಕಣ್ಣಾರೆ ಎಂದು. ನೀರು ಕುಡಿದರೆ ಆ ಮಗುವಿಗೆ ಏನಾದರೂ ಆದರೆ? ಮಮತಾ ಮತ್ತೆ ಆ ಸಣ್ಣ ಅಂಗಿಗಳನ್ನು ಮಡಚುತ್ತ ನಿಂತರೆ? ಆ ಹೆದರಿಕೆಯ ಮುಂದೆ ಬಾಯಾರಿಕೆ ಏನೂ ಅಲ್ಲ.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಹ್ಯಾಂಡಲು ಯಾರದೋ ಕೈಯಲ್ಲಿದ್ದ ಹಾಗೆ. ಮೆಸ್ಸಿನ ದೊಡ್ಡ ಹಂಡೆಯಲ್ಲಿ ಗಂಜಿ ಕುದಿಯುವ ಸದ್ದು ಕೇಳಿಸಿತು, ಉಕ್ಕುತ್ತದೆ, ಬೆಂಕಿ ತಗ್ಗಿಸಬೇಕು ಎಂದು ಓಡಿದೆ. ಓಡಿದ್ದು ಎಲ್ಲಿಗೋ. ಒಂದು ಕಂಬದ ಬುಡದಲ್ಲಿ ಕೂತೆ. ಒಂದು ಮಗು ಅಳುತ್ತಿತ್ತು. ಎತ್ತಿಕೊಳ್ಳಬೇಕು ಎಂದು ಎರಡೂ ಕೈ ಚಾಚಿದೆ. ಕೈ ಮೇಲೇಳಲಿಲ್ಲ. ಅಷ್ಟೇ.

ಲೋಡು ತುಂಬಿಕೊಂಡು ಮರಳಿ ಬಂದ ಆ ಪಠಾಣನೇ ರಸ್ತೆಯ ಬದಿಯಲ್ಲಿ ಮಲಗಿದ್ದ ಸೈಕಲನ್ನು ನೋಡಿದ್ದು. ನನ್ನನ್ನು ಟೊಮೆಟೊ ಪೆಟ್ಟಿಗೆಗಳ ನಡುವೆ ಮಲಗಿಸಿ, ಸೈಕಲನ್ನೂ ಬಸಳೆಯ ಗೋಣಿಯನ್ನೂ ಬಿಡದೆ ಹೇರಿಕೊಂಡು, ಆಸ್ಪತ್ರೆಯ ಎಮರ್ಜೆನ್ಸಿಗೆ ತಂದು ಹಾಕಿದ. ನನ್ನ ಮೊಬೈಲಿನಿಂದ ರಾಜೇಶನಿಗೆ ಫೋನು ಮಾಡಿದ್ದೂ ಅವನೇ. ರಾಜೇಶ ಬಂದಾಗ ಅವನು ಮೊದಲು ತೋರಿಸಿದ್ದು ನನ್ನ ಬಾಟಲಿಯನ್ನಂತೆ. ತುಂಬಿದ ಬಾಟಲಿ. ಮುಚ್ಚಳವನ್ನೂ ತೆರೆದಿರಲಿಲ್ಲ. "ಯೇ ಆದ್ಮಿ ಪಾಗಲ್ ಹೈ ಕ್ಯಾ?" ಎಂದು ಕೇಳಿದನಂತೆ, ಕಣ್ಣಲ್ಲಿ ನೀರು ತುಂಬಿಕೊಂಡು.

ಎಚ್ಚರವಾದಾಗ ಹಸಿರು ಪರದೆ, ಮೂಗಲ್ಲಿ ಕೊಳವೆ, ರಾಜೇಶನ ಮುಖ.

"ಚಂದ್ರ ಬಂತಾ?" ಎಂದೆ.

"ಎಂತ ಚಂದ್ರ ಮಾವ? ನೀವು ಬಂದು ಎರಡು ದಿನ ಆಯ್ತು."

ತಲೆಯ ಮೇಲೆ ಸಲೈನಿನ ಚೀಲ ತೂಗುತ್ತಿತ್ತು. ಹನಿ ಹನಿ ನೀರು ನನ್ನ ಕೈಯೊಳಗೆ ಇಳಿಯುತ್ತಿತ್ತು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಿತ್ತು ಹಾಕಲು ಹೋದೆ. ಒಬ್ಬ ನರ್ಸ್ ಓಡಿ ಬಂದು ಕೈ ಹಿಡಿದಳು. "ಅಂಕಲ್, ಅಂಕಲ್! ಎಂತ ಮಾಡುದು ನೀವು? ಸೂಜಿ ಹಾಕ್ಲಿಕ್ಕೆ ನರ ಸಿಗದೆ ನಾವು ಎಷ್ಟು ಕಷ್ಟ ಪಟ್ಟಿದ್ದೇವೆ ಗೊತ್ತುಂಟಾ?" ಆ ಕುವೈತಿನ ಆಸ್ಪತ್ರೆಯಲ್ಲಿ ಮಂಗಳೂರಿನ ಕನ್ನಡ! ಬಜ್ಪೆ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಸಿಸ್ಟರ್ ಫ್ಲೇವಿ. ಅವಳ ಮುಂದೆ ಅತ್ತುಬಿಟ್ಟೆ. ಹರಕೆ ಮುರಿದೆ ಸಿಸ್ಟರ್, ಮಗಳ ಹೊಟ್ಟೆಯಲ್ಲಿ ಮಗು ಉಂಟು ಎಂದೆ. ಅವಳು ನಗಲಿಲ್ಲ. ನನ್ನ ಕೈಗೆ ಹೊಸ ಟೇಪು ಅಂಟಿಸುತ್ತ, "ನಾನು ಮಾತಾಡ್ತೇನೆ ಮೇರಿಯಮ್ಮನತ್ರ. ಅವರಿಗೂ ಮಗು ಇತ್ತಲ್ಲ," ಎಂದಳು.

ಡಾಕ್ಟರು ಈಜಿಪ್ಟಿನವರು. ಅವರು ಹೇಳಿದ್ದನ್ನು ಫ್ಲೇವಿ ಕನ್ನಡ ಮಾಡಿದಳು. ಹೊಟ್ಟೆಗೆ ಏನೂ ಇಲ್ಲದೆ ಸಕ್ಕರೆಯ ಮಾತ್ರೆ, ಮೈಯಲ್ಲಿ ನೀರಿಲ್ಲದೆ ಒತ್ತಡದ ಮಾತ್ರೆ, ಮೇಲಿಂದ ಬಿಸಿಲಲ್ಲಿ ಆ ಸೈಕಲು. ಕಿಡ್ನಿ ಎರಡೂ ನಿಂತಿವೆ. ನಾನು ಜಂಬಪಟ್ಟ ಉಪಾಯವೇ ನನ್ನನ್ನು ಮಲಗಿಸಿತ್ತು.

"ಕಿಡ್ನಿ ಖಲಾಸ್?" ಎಂದು ನಾನೇ ಡಾಕ್ಟರನ್ನು ಕೇಳಿದೆ.

ಅವರು ಅಂಗೈ ಮೇಲೆ ಕೆಳಗೆ ಮಾಡಿದರು. "ಮೂ ಖಲಾಸ್. ಶ್ವಯ್ಯಾ ಶ್ವಯ್ಯಾ. ಇನ್ಶಾ ಅಲ್ಲಾ." ಖಲಾಸ್ ಅಲ್ಲ, ನಿಧಾನ ನಿಧಾನ. ಹೊರಗೆ ಹೋಗಿ ರಾಜೇಶನ ಹತ್ತಿರ ಅವರು ಹೇಳಿದ್ದು ಬೇರೆ: ಬಂದರೆ ಕೆಲವು ವಾರಗಳಲ್ಲಿ ಬರಬೇಕು, ಬಾರದಿದ್ದರೆ ಜೀವ ಇರುವ ತನಕ ಮೆಷಿನು. ಇದನ್ನು ರಾಜೇಶ ನನಗೆ ಆಗ ಹೇಳಲಿಲ್ಲ. ಅವನ ಮುಖ ಹೇಳಿತು.

ಹೆಂಡತಿ ಗಿರಿಜಾ ಆಗ ಊರಲ್ಲಿದ್ದಳು. ಮಗಳ ಬಾಣಂತನಕ್ಕೆ ಬರಲು ವೀಸಾ ಕಾಯುತ್ತಿದ್ದಳು. ಫೋನಿನಲ್ಲಿ ಮೊದಲು ಅಳು, ಆಮೇಲೆ ಬೈಗುಳ. ನಾವು ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಇನ್ನೂ ಖಾರ ಇತ್ತು.

"ನಿಮ್ಮ ಮಂಡೆಯಲ್ಲಿ ಎಂತ ಉಂಟು, ತವುಡಾ? ಗಣಪತಿ ಕೇಳಿದನಾ ನಿಮ್ಮತ್ರ, ಗಂಟಲು ಒಣಗಿಸಿ ತೋರಿಸು ಅಂತ? ಅವನಿಗೇ ಮೂರು ಹೊತ್ತು ನೈವೇದ್ಯ ಬೇಕು!"

"ಹರಕೆ ಮುರಿಯಿತು ಗಿರಿಜಾ."

"ನಾನು ಮುಂದುವರಿಸ್ತೇನೆ," ಎಂದಳು. "ಹಾಲು ಹಣ್ಣು ತಿಂದುಕೊಂಡು. ನೀವು ಸುಮ್ಮನೆ ಬಿದ್ದುಕೊಳ್ಳಿ."

ಮಮತಾ ಬಂದಾಗ ನಾನು ಅವಳ ಮುಖ ನೋಡಿದೆ, ಹೊಟ್ಟೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ. ಅವಳೂ ಕಾಲ ಬುಡದಲ್ಲಿ ಕೂತು ಹೊದಿಕೆಯ ಅಂಚನ್ನೇ ಮಡಚುತ್ತಿದ್ದಳು. ಕಡೆಗೆ "ನಾನು ಬಾಯಿ ಮುಚ್ಚಿ ಕೂತಿದ್ರೆ ನಿಮಗೆ ಹೀಗೆ ಆಗ್ತಿರ್ಲಿಲ್ಲ ಅಪ್ಪ," ಎಂದಳು. ಬಸಳೆಯನ್ನು ಅವಳು ಮುಟ್ಟಿರಲಿಲ್ಲ. ಎಲೆ ಕೊಳೆಯಿತಂತೆ. ದಂಟುಗಳನ್ನು ರಾಜೇಶ ಎಸೆಯಲು ಮನಸ್ಸು ಬಾರದೆ ಬಾಲ್ಕನಿಯ ಎಣ್ಣೆ ಡಬ್ಬಿಯಲ್ಲಿ ಚುಚ್ಚಿದ್ದನಂತೆ. ನನ್ನ ತಪ್ಪನ್ನು ಅವಳು ಹೊರುತ್ತಿದ್ದಳು, ಬಸುರಿನ ಮೇಲೆ ಅದೊಂದು ಭಾರ. ನಾನು ಏನು ಹೇಳಿದರೂ ಇಳಿಸಿಕೊಳ್ಳಲಿಲ್ಲ.

ಕುತ್ತಿಗೆಯ ಬದಿಯಲ್ಲಿ ಕೊಳವೆ ಇಟ್ಟರು. ವಾರಕ್ಕೆ ಮೂರು ಸಲ ಮೆಷಿನು. ಮೊದಲ ಸಲ ನನ್ನ ರಕ್ತ ಹೊರಗೆ ಬಂದು ಪಾರದರ್ಶಕ ಕೊಳವೆಯಲ್ಲಿ ಸುತ್ತುತ್ತಿದ್ದುದನ್ನು ನೋಡಿ ಕಣ್ಣು ಮುಚ್ಚಿದವ, ಮೂರನೆಯ ಸಲದ ಹೊತ್ತಿಗೆ ಅದರ ಸದ್ದಿಗೆ ನಿದ್ದೆ ಮಾಡುತ್ತಿದ್ದೆ. ವಾರ್ಡಿನಿಂದ ಮನೆಗೆ ಕಳುಹಿಸಿದ ಮೇಲೂ ಮೆಷಿನಿಗೆ ಬರಲೇಬೇಕು. ಸರದಿ ಬರುವ ತನಕ ಹೊರಗೆ ನೀಲಿ ಕುರ್ಚಿ. ಅಲ್ಲಿ ಯಾರೂ ಯಾರ ಕಾಯಿಲೆಯನ್ನೂ ಕೇಳುವುದಿಲ್ಲ. ಎಲ್ಲರದ್ದೂ ಒಂದೇ. ಬಂಗಾಳಿಯೊಬ್ಬ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಮುಗಿಯುವ ದಿನ ಎಣಿಸುತ್ತಿದ್ದ. ಕೆಲಸ ಹೋದರೆ ಊರಿಗೆ, ಊರಲ್ಲಿ ಮೆಷಿನು ಎಲ್ಲಿ ಎಂದು. ತಂದ ಬಿಸ್ಕತ್ತಿನಲ್ಲಿ ಅರ್ಧ ಅವನಿಗೆ ಕೊಟ್ಟೆ.

ಇನ್ನು ನೀರು. ಮೂತ್ರ ಹೋಗದವನಿಗೆ ನೀರು ಅಳೆದು ಕೊಡುತ್ತಾರೆ. ಬೆಳಗಿನಿಂದ ರಾತ್ರಿಯ ತನಕ ಒಂದು ಸಣ್ಣ ಬಾಟಲಿ, ಅದರಲ್ಲೇ ಚಹಾ, ಅದರಲ್ಲೇ ಮಾತ್ರೆ, ಅದರಲ್ಲೇ ಸಾರು. ಆ ದಿನ ಬೇಡ ಎಂದ ನೀರು ಈಗ ಬೇಡಿದರೂ ಸಿಗುವುದಿಲ್ಲ. ಬಾಟಲಿಯಲ್ಲಿ ಬುಳುಕ್ ಎಂದ ಸದ್ದು ಕನಸಿನಲ್ಲಿ ಬಂದು ಎಬ್ಬಿಸುತ್ತಿತ್ತು. ಮನೆಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ ನಾನು ಮಾತು ನಿಲ್ಲಿಸುತ್ತಿದ್ದೆ. ಒಂದು ಮಧ್ಯಾಹ್ನ ಸ್ನಾನಕ್ಕೆ ಹೋದವ ಶವರಿನ ಕೆಳಗೆ ಬಾಯಿ ತೆರೆದು ನಿಂತೆ. ತುಟಿಗೆ ತಾಗುವ ಹೊತ್ತಿಗೆ ಹೊರಗಿನಿಂದ ಮಮತಾ "ಅಪ್ಪ, ಬಾಯಿ ಮುಚ್ಚಿ!" ಎಂದು ಕೂಗಿದಳು. ಬಾಗಿಲಿನ ಆಚೆಯಿಂದ ಹೇಗೆ ತಿಳಿಯಿತು? ಅವಳು ಬಾಗಿಲಿಗೆ ಕಿವಿಗೊಟ್ಟೇ ನಿಂತಿದ್ದಳು.

ಸಿಸ್ಟರ್ ಫ್ಲೇವಿ ಡಯಾಲಿಸಿಸ್ ಕೋಣೆಯಲ್ಲೂ ಆಗಾಗ ಇರುತ್ತಿದ್ದಳು. ಯಾರಿಗೂ ಕಾಣದ ಹಾಗೆ ಹತ್ತಿಬಟ್ಟೆಯಲ್ಲಿ ಸುತ್ತಿದ ಒಂದು ಮಂಜುಗಡ್ಡೆಯ ತುಂಡು ನನ್ನ ಬಾಯಿಗೆ ಹಾಕುತ್ತಿದ್ದಳು. "ಇದನ್ನು ಲೆಕ್ಕಕ್ಕೆ ಸೇರಿಸಿದ್ದೇನೆ, ಕಳ್ಳತನ ಅಲ್ಲ. ಜಗಿಬಾರ್ದು, ಚೀಪ್ಬೇಕು." ಆ ತುಂಡು ಕರಗುವ ತನಕ ನಾನು ದೊರೆ. ಇದನ್ನು ಓದುವವರಲ್ಲಿ ನೀರಿನ ಲೆಕ್ಕದವರು ಇದ್ದರೆ, ಡಾಕ್ಟರನ್ನು ಕೇಳಿಕೊಂಡು ಮಂಜುಗಡ್ಡೆ ಚೀಪಿ. ನುಂಗಿದರೆ ಮುಗಿಯಿತು, ಚೀಪಿದರೆ ಉಳಿಯುತ್ತದೆ.

ನನ್ನ ಪಕ್ಕದ ಮೆಷಿನು ಒಬ್ಬ ಮುದುಕ ಕುವೈತಿಯದ್ದು. ಎಲ್ಲರೂ ಅವರನ್ನು ಅಬು ನಾಸರ್ ಎನ್ನುತ್ತಿದ್ದರು. ಕೈಯಲ್ಲಿ ಜಪಸರ, ಕಣ್ಣು ಅರ್ಧ ಮುಚ್ಚಿದ್ದು. ಮಗ ತರುವ ಖರ್ಜೂರ ಅವರು ತಿನ್ನುವಂತಿಲ್ಲ, ನಾನೂ ತಿನ್ನುವಂತಿಲ್ಲ. ಇಬ್ಬರೂ ನೋಡುತ್ತ ಕೂರುತ್ತಿದ್ದೆವು. ನಾನು ವಫ್ರಾದ ದಾರಿಯಲ್ಲಿ ಸೈಕಲಿನಿಂದ ಬಿದ್ದವ ಎಂದು ತಿಳಿದ ದಿನ ಅವರು ಪೂರ್ತಿ ಕಣ್ಣು ತೆರೆದರು. ಅವರ ಒಂಟೆಗಳು ಇದ್ದದ್ದು ಅದೇ ಬಯಲಲ್ಲಂತೆ. "ಸೈಕಲ್? ವಫ್ರಾ?" ಎಂದು ಬೆರಳಿನಿಂದ ಹಣೆ ತಟ್ಟಿಕೊಂಡು, "ಅಂತ ಮಜ್ನೂನ್, ಹಜ್ಜಿ!" ಎಂದರು. ನೀನೊಬ್ಬ ಹುಚ್ಚ ಎಂದು; ಹಜ್ಜಿ ಎಂದರೆ ವಯಸ್ಸಾದವರನ್ನು ಅಲ್ಲಿ ಕರೆಯುವ ಮಾತು. ಆಮೇಲೆ ಪ್ರತಿ ಸಲವೂ ನಾನು ಒಳಗೆ ಬಂದ ಕೂಡಲೇ ಸೈಕಲಿನ ಬೆಲ್ಲು ಬಾರಿಸುವ ಹಾಗೆ ಹೆಬ್ಬೆರಳು ಆಡಿಸುತ್ತಿದ್ದರು.

ವಾರಗಳು ಹೋದವು. ಗಿರಿಜಾ ಬಂದಳು. ನನ್ನನ್ನು ನೋಡಿ, ಬೈಯಲು ಕಟ್ಟಿಕೊಂಡು ಬಂದದ್ದನ್ನೆಲ್ಲ ನುಂಗಿ, ಕುತ್ತಿಗೆಯ ಪ್ಲಾಸ್ಟರಿನ ಸುತ್ತ ಬೆರಳಾಡಿಸಿದಳು. ಡಾಕ್ಟರ ಮಾತಿನಲ್ಲಿ ಇನ್ಶಾ ಅಲ್ಲಾ ಮೊದಲಿಗಿಂತ ಹೆಚ್ಚಾಯಿತು, ಶ್ವಯ್ಯಾ ಕಡಿಮೆಯಾಯಿತು. ಮೆಷಿನಿನ ಸೂಜಿ ಚುಚ್ಚಲು ಕೈಗೆ ಶಾಶ್ವತದ ಆಪರೇಷನ್ ಮಾಡುವ ಮಾತು ಬಂತು. ಒಂದು ದಿನ ರಾಜೇಶ, ಗಿರಿಜಾ ಮಮತಾಳನ್ನು ತಪಾಸಣೆಗೆ ಕರೆದುಕೊಂಡು ಹೋದರು, ಮೂವರ ಫೋನೂ ಹತ್ತಲಿಲ್ಲ. ನಾನು ಮೆಷಿನಿನಲ್ಲಿ ಕಟ್ಟಿಹಾಕಿದ ಹಾಗೆ ಮಲಗಿದ್ದೆ. ಹರಕೆ ಮುರಿದವನ ಮಂಡೆಗೆ ಎಂತೆಂಥ ಯೋಚನೆ ಬರಬಹುದೋ ಎಲ್ಲ ಬಂದವು. ಗಣಪತಿ, ನನ್ನ ಕಿಡ್ನಿ ತೆಗೆದುಕೊಂಡಿದ್ದೀಯಲ್ಲ, ಅದರಲ್ಲೇ ಲೆಕ್ಕ ಮುಗಿಸು, ಆ ಕೂಸನ್ನು ಮುಟ್ಟಬೇಡ, ಒಂದು ಸಲ ಎತ್ತಿಕೊಳ್ಳಲು ಬಿಡು, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು ಎಂದೆ. ಅವರು ಬಂದದ್ದು ನಗುತ್ತ. ಆ ಆಸ್ಪತ್ರೆಯ ತಳಮಹಡಿಯಲ್ಲಿ ಸಿಗ್ನಲ್ ಇಲ್ಲವಂತೆ. ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಅದಾಗಿ ಕೆಲವು ದಿನಗಳ ಮೇಲೆ, ಮೆಷಿನು ಬಿಚ್ಚಿದ ಹೊತ್ತಿಗೆ, ಹೊಟ್ಟೆಯ ಕೆಳಗೆ ಏನೋ ಒತ್ತಿದ ಹಾಗಾಯಿತು. ಮರೆತೇ ಹೋಗಿದ್ದ ಒತ್ತಡ. ನಾಚಿಕೆ ಬಿಟ್ಟು ಬರೆಯುತ್ತೇನೆ. ಫ್ಲೇವಿ ಬಾಟಲಿ ಕೊಟ್ಟು ಪರದೆ ಎಳೆದಳು. ಮೊದಲು ನಾಲ್ಕು ಹನಿ. ಆಮೇಲೆ ಸದ್ದು ಕೇಳುವಷ್ಟು. ನನಗೆ ಆ ಸದ್ದಿಗಿಂತ ಚಂದದ ಸದ್ದು ನೆನಪಿಲ್ಲ. ಪರದೆಯ ಆಚೆ ಫ್ಲೇವಿ, "ಅಂಕಲ್, ಬಂತಾ? ಬಂತಾ?" ಎನ್ನುತ್ತಿದ್ದಳು. ಬಾಟಲಿಯನ್ನು ಬೆಳಕಿಗೆ ಹಿಡಿದು, "ಹೆರಿಗೆ ಆಯ್ತು! ಗಂಡಾ ಹೆಣ್ಣಾ ನೀವೇ ಹೇಳಿ!" ಎಂದಳು. ಅಬು ನಾಸರ್ ಏನು ಎಂದು ಕೇಳಿದರು. ಅವಳು ಹೇಳಿದಳು. ಆ ಮುದುಕ ಮಲಗಿದಲ್ಲಿಂದಲೇ ಎರಡೂ ಕೈ ಎತ್ತಿ, "ಮಬ್ರೂಕ್! ಮಬ್ರೂಕ್, ಹಜ್ಜಿ!" ಎಂದು ಕೂಗಿದರು. ಮಂಗಳ, ಶುಭ ಎಂದು ಮದುವೆಗೂ ಹೆರಿಗೆಗೂ ಅಲ್ಲಿಯವರು ಹೇಳುವ ಮಾತು. ಆಚೆ ಮೆಷಿನಿನ ಬಂಗಾಳಿಯೂ ಮಬ್ರೂಕ್ ಎಂದ. ಕೊಳವೆ ಚುಚ್ಚಿಕೊಂಡು ಮಲಗಿದ್ದ ಅಷ್ಟೂ ಜನ, ತಮಗೆ ಬಾರದ್ದು ನನಗೆ ಬಂತೆಂದು ಕೂಗಿದರು. ಬಾಟಲಿ ಹಿಡಿದುಕೊಂಡು ನಿಂತು ಅತ್ತೆ.

ಪೂರ್ತಿ ಸರಿಯಾಯಿತು ಎಂದು ಸುಳ್ಳು ಹೇಳುವುದಿಲ್ಲ. ಮೆಷಿನು ತಪ್ಪಿತು. ಕಿಡ್ನಿ ಮೊದಲಿನಷ್ಟಿಲ್ಲ, ಎಂದಿಗೂ ಆಗುವುದಿಲ್ಲವಂತೆ. ಉಪ್ಪು ಕಡಿಮೆ, ಹಣ್ಣು ಲೆಕ್ಕದ್ದು, ಬಸಳೆಯಂತೂ ನನಗೆ ವರ್ಜ್ಯ. ರಾಜೇಶ ಚುಚ್ಚಿದ ದಂಟು ಬೇರು ಬಿಟ್ಟು ಬಾಲ್ಕನಿಯ ಬಟ್ಟೆ ಹಗ್ಗ ಹಿಡಿದು ಹಬ್ಬಿದೆ. ಗಿರಿಜಾ ಅದನ್ನು ಕೊಯ್ದು ತೆಂಗಿನಕಾಯಿ ಅರೆದು ಹಾಕಿದ ದಿನ ಮಮತಾ ತಟ್ಟೆ ಹಿಡಿದು ನನ್ನ ಎದುರಿಗೇ ಬಂದು ಕೂತಳು. ಒಂದು ತುತ್ತು ತಿಂದು ನನ್ನ ಮುಖ ನೋಡಿದಳು. "ಇನ್ನೊಂದು," ಎಂದೆ. ತಟ್ಟೆ ಖಾಲಿಯಾಗುವ ತನಕ ಎದುರಲ್ಲೇ ಕೂತಿದ್ದೆ. ನನ್ನ ಪಾಲಿಗೆ ವಾಸನೆ.

ಹೆರಿಗೆಯ ಮರುದಿನ ಮೈಸೂರುಪಾಕಿನ ಡಬ್ಬಿ ಹಿಡಿದು ಮೊದಲು ಓಡಿದ್ದು ಡಯಾಲಿಸಿಸ್ ಕೋಣೆಗೆ. ಅವರು ತಿನ್ನುವಂತಿಲ್ಲ, ಗೊತ್ತಿತ್ತು, ಮನೆಯವರಿಗಾದರೂ ಆಯಿತಲ್ಲ. ಬಾಗಿಲಲ್ಲೇ ಹೆಬ್ಬೆರಳು ಆಡಿಸಿದೆ. ಅಬು ನಾಸರರ ಮೆಷಿನಿನಲ್ಲಿ ಬೇರೆ ಯಾರೋ ಮಲಗಿದ್ದರು. ಫ್ಲೇವಿಯ ಕಡೆ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. ಬಂಗಾಳಿಯೂ ಇರಲಿಲ್ಲ. ಅವನ ವಿಷಯ ಅವಳಿಗೂ ತಿಳಿಯದು. ಡಬ್ಬಿಯನ್ನು ಅವಳ ಕೈಗೆ ಕೊಟ್ಟು ಹೊರಗೆ ಬಂದು ಆ ನೀಲಿ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಅಷ್ಟು ಸಂತೋಷದಲ್ಲಿ ಅಷ್ಟು ಭಾರ ಇರಬಹುದು ಎಂದು ನನಗೆ ಅಂದಿನ ತನಕ ಗೊತ್ತಿರಲಿಲ್ಲ.

ಮಗುವನ್ನು ಮನೆಗೆ ತಂದ ದಿನ ಗಿರಿಜಾ ನನ್ನ ಕೈ ಎರಡು ಸಲ ತೊಳೆಸಿ, ಚಾಪೆಯ ಮೇಲೆ ಕೂರಿಸಿ, ಮೊದಲು ಒಂದು ಲೋಟ ನೀರು ಕೊಟ್ಟಳು. "ಮುಗಿಸಿ. ಆಮೇಲೆ ಮಗು." ಕುಡಿದೆ. ಆಮೇಲೆ ಆ ಬೆಚ್ಚಗಿನ ಗಂಟನ್ನು ನನ್ನ ಎರಡೂ ಕೈಗೆ ಇಟ್ಟಳು. ಕಂಬದ ಬುಡದಲ್ಲಿ ಮೇಲೇಳದ ಕೈಗಳು ಈಗ ಎದ್ದವು. ಪುಳ್ಳಿ ಒಂದು ಕಣ್ಣು ಮಾತ್ರ ತೆರೆದು, ವಫ್ರಾದ ದಾರಿಯ ಆ ಒಂಟೆಯ ಹಾಗೆಯೇ ನನ್ನನ್ನು ನೋಡಿದಳು.

ಸ್ವಲ್ಪ ಹೊತ್ತಿಗೆ ತೊಡೆಯ ಮೇಲೆ ಬಿಸಿ ಹರಡಿತು. ಪಂಚೆ ಒದ್ದೆಯಾಯಿತು.

"ಅಯ್ಯೋ, ಉಚ್ಚೆ ಮಾಡಿತು! ಅಪ್ಪ, ಕೊಡಿ ಇಲ್ಲಿ!" ಎಂದು ಮಮತಾ ಕೈ ಚಾಚಿದಳು. ಗಿರಿಜಾ ಬಟ್ಟೆ ತರಲು ಓಡಿದಳು.

"ಇರಲಿ, ಇರಲಿ," ಎಂದೆ. ಮಗುವನ್ನು ಕೊಡದೆ, ಇನ್ನಷ್ಟು ಎದೆಗೆ ಒತ್ತಿಕೊಂಡು, ಆ ಸಣ್ಣ ಕಿವಿಯ ಹತ್ತಿರ ಬಾಯಿ ತಂದು ಹೇಳಿದೆ:

"ಮಬ್ರೂಕ್."